ಉತ್ತರ ಕೊಟ್ಟಿದ್ದು ಯಾರು?

ಬೆಳಗಿನ ಆರೂವರೆ. ಹೆಬ್ಬಾಳದ ಆಚೆಗಿನ ಕ್ಯಾನ್ಸರ್ ಆಸ್ಪತ್ರೆಯೊಂದರ ವಾರ್ಡಿನಲ್ಲಿ ದಿಲ್ಶಾದ್ ಮಂಚದ ಪಕ್ಕದ ಕುರ್ಚಿಯನ್ನೆತ್ತಿ ಕಾರಿಡಾರಿನಲ್ಲಿಡುತ್ತಾರೆ. ಅದು ರೋಗಿಯ ಜೊತೆಗೆ ಬಂದವರ ಕುರ್ಚಿ. "ತಿಂಡಿ ಮುಗಿಸ್ಕೊಂಡು ಬನ್ನಿ ಸಾರ್, ಅಲ್ಲೀವರೆಗೂ ನಾನಿರ್ತೀನಿ" ಎಂದು ರೋಗಿಯ ಮಗನನ್ನು ಸಾಗಹಾಕುತ್ತಾರೆ. ಅವನು ಗೊಣಗಿಕೊಂಡೇ ಹೋಗುತ್ತಾನೆ.

ಆರ್.ಟಿ. ನಗರದ ದಿಲ್ಶಾದ್‌ಗೆ ಈಗ ನಲವತ್ತಾರು. ಕ್ಯಾನ್ಸರ್ ರೋಗಿಗಳ ನೋವು, ನಿದ್ದೆ, ಸುಸ್ತು ಅಳೆಯಲು ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳ ಹಾಳೆಯೊಂದು ಕನ್ನಡಕ್ಕೆ ಬರುತ್ತಿದೆ. ಅದು ನಮ್ಮ ಜನಕ್ಕೆ ಅರ್ಥವಾಗುತ್ತದೆಯೇ, ಬಂದ ಉತ್ತರ ನಂಬುವಂಥದ್ದೇ ಎಂದು ಕೇಳಿ ನೋಡುವುದು ಇವರ ಕೆಲಸ. ದಿನಕ್ಕೆ ಆರು ಜನ. ಎರಡು ವಾರದ ನಂತರ ಅದೇ ಆರು ಜನ, ಅದೇ ಪ್ರಶ್ನೆ; ಎರಡೂ ಸಲದ ಉತ್ತರ ತಾಳೆಯಾದರೆ ಹಾಳೆ ಪಾಸು. 'ವಾಕಿಂಗ್ ಹೋದರೆ ಸುಸ್ತಾಗುತ್ತದೆಯೇ' ಎಂಬುದನ್ನು ಹೊಡೆದುಹಾಕಿ 'ಬಟ್ಟೆ ಹಿಂಡಿದರೆ' ಎಂದು ಬರೆಸಿದ್ದು ಇವರೇ. "ನಮ್ಮ ಹೆಂಗಸ್ರು ವಾಕಿಂಗ್ ಎಲ್ಲಿ ಹೋಗ್ತಾರೆ ಹೇಳಿ?" ನಾಳೆ ನೋವಿನ ಮಾತ್ರೆ ಎಷ್ಟು ಕೊಡಬೇಕೆಂದು ಡಾಕ್ಟರು ನೋಡುವುದು ಈ ಹಾಳೆಯನ್ನೇ. ಇದನ್ನು ಗುಮಾಸ್ತೆ ಕೆಲಸ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ತಿಂಗಳು ಕಚೇರಿಯಲ್ಲಿ ಖುಷಿಯೋ ಖುಷಿ. ಬೇರೆ ಸಿಬ್ಬಂದಿ ತುಂಬಿಸಿದ್ದ ಮೂವತ್ತೆಂಟು ಹಾಳೆಗಳಲ್ಲಿ ಎರಡೂ ಸಲ ಉತ್ತರ ಒಂದೇ, ಒಂದು ಗುರುತೂ ಆಚೀಚೆಯಿಲ್ಲ. ಅವನ್ನು ನೋಡಿ ಸಹಿ ಹಾಕಬೇಕಿದ್ದ ದಿಲ್ಶಾದ್‌ಗೆ ಅನುಮಾನ ಬಂತು: ನೋವು ಎರಡು ವಾರ ಇಷ್ಟೂ ಕದಲದೆ ಇರುತ್ತದೆಯೇ? ವಿಚಾರಿಸಿದರೆ, ಅಷ್ಟೂ ಉತ್ತರ ಕುರ್ಚಿಯಲ್ಲಿ ಕೂತವರದು. ಕೆಂಪು ಪೆನ್ನು ತೆಗೆದು ಒಂದೊಂದರ ಮೇಲೂ ಬರೆದರು: ಉತ್ತರ ಕೊಟ್ಟಿದ್ದು ಮಗ. ಉತ್ತರ ಕೊಟ್ಟಿದ್ದು ಸೊಸೆ. ಉತ್ತರ ಕೊಟ್ಟಿದ್ದು ಗಂಡ.

ಯೋಜನೆ ನೋಡಿಕೊಳ್ಳುವ ರಘುನಾಥ್ ಕೆಂಡವಾದರು. "ಸುಮ್ನೆ ಸೈನ್ ಹಾಕಿ ಮೇಡಂ. ನಿಮ್ ಕಾಂಟ್ರಾಕ್ಟ್ ಮುಂದಿನ್ ತಿಂಗ್ಳಿಗೆ ಮುಗೀತಿದೆ, ನೆನಪಿರ್ಲಿ."

"ಮುಗೀಲಿ ಸಾರ್. ನೋವು ಇವ್ರದು, ಉತ್ತರ ಅವ್ರದು. ನಾನ್ ಹೆಂಗ್ ಸೈನ್ ಹಾಕ್ಲಿ?"

ಸಹಿ ಹಾಕಲಿಲ್ಲ. ಕುರ್ಚಿ ಹೊರಗಿಟ್ಟು ಮೂವತ್ತೆಂಟು ಜನರನ್ನೂ ತಾವೇ ಮತ್ತೆ ಕೇಳಿದರು. ಮಾಕಳಿಯ ಮುನಿನಾರಾಯಣಮ್ಮನ ಹಾಳೆಯಲ್ಲಿ ಎರಡೂ ಸಲ 'ನೋವಿಲ್ಲ' ಎಂದಿತ್ತು. ಒಬ್ಬರೇ ಇದ್ದಾಗ ಆಕೆ ಹೇಳಿದ್ದು ಬೇರೆ. "ಮಗ್ಗುಲು ಬದಲಾಯಿಸಕ್ಕೂ ಆಗಕ್ಕಿಲ್ಲ ಕಣಮ್ಮ. ಮಗನ ಮುಂದೆ ಎಂಗೆ ಯೋಳ್ಲಿ? ಅವನು ಊಟ ಬುಟ್ಬುಡ್ತಾನೆ."

ಇಪ್ಪತ್ತಮೂರು ಜನರ ಉತ್ತರ ಬದಲಾಯಿತು. ರಘುನಾಥ್ ಹಳೆಯ ಹಾಳೆಗಳನ್ನು ಕೈಬಿಟ್ಟರು. ಈಗ ಹೊಸ ಹಾಳೆಯ ನೆತ್ತಿಯಲ್ಲೇ ಅಚ್ಚಾಗಿದೆ: 'ರೋಗಿಯೊಬ್ಬರೇ ಇರುವಾಗ ಕೇಳಿ.' ದಿಲ್ಶಾದ್ ಅವರ ಕಾಂಟ್ರಾಕ್ಟಿನ ಬಗ್ಗೆ ಮಾತ್ರ ಯಾರೂ ಬಾಯಿಬಿಟ್ಟಿಲ್ಲ.

ಇಷ್ಟು ಹಟ ಎಲ್ಲಿಂದ ಬಂತೆಂದು ಕೇಳುತ್ತೇನೆ. ಅವರು ಕಾರಿಡಾರಿನ ಆ ಕುರ್ಚಿಯಲ್ಲೇ ಕೂರುತ್ತಾರೆ.

"ಒಂಬತ್ತು ವರ್ಷದ ಹಿಂದೆ ನಮ್ಮ ಅಮ್ಮೀ ಹಿಂಗೇ ಮಲಗಿದ್ರು. ಒಬ್ರು ಬಂದು ಇಂಥದ್ದೇ ಹಾಳೆ ಹಿಡ್ಕೊಂಡು ಕೇಳಿದ್ರು. ಆರಾಮಾಗಿದಾರೆ ಅಂತ ನಾನೇ ಬರೆಸ್ದೆ. ಅಮ್ಮೀ ತೀರ್ಕೊಂಡ್ಮೇಲೆ ಅವ್ರ ದುಪಟ್ಟಾ ತೊಳೆಯಕ್ಕೆ ತಗೊಂಡೆ. ಅಂಚೆಲ್ಲ ಕಚ್ಚಿ ಕಚ್ಚಿ ಹರಿದಿತ್ತು."

ವಾರ್ಡಿನೊಳಗಿಂದ ಯಾರೋ ಕರೆಯುತ್ತಾರೆ. ದಿಲ್ಶಾದ್ ಏಳುತ್ತಾರೆ.

"ಆ ಹಾಳೆ ಇನ್ನೂ ಯಾವ್ದೋ ಫೈಲಲ್ಲಿರತ್ತೆ. ಸಿಕ್ಕಿದ್ರೆ ಅದರ ಮೇಲೂ ಬರೀಬೇಕು, ಉತ್ತರ ಕೊಟ್ಟಿದ್ದು ಮಗಳು ಅಂತ. ಅದೊಂದೇ ಆಸೆ."