ಶಬ್ದ ಬಾರದ ಟಿವಿ

"ಟಿವಿಯಲ್ಲಿ ಶಬ್ದವೇ ಬರುದಿಲ್ಲ" ಎಂದು ಕುಂಬ್ರದಿಂದ ನಫೀಸಾ ಎಂಬವರು ಫೋನ್ ಮಾಡಿದರು. ಟಿವಿ ರಿಪೇರಿ ನನ್ನ ಕೆಲಸ. ಹೋಗಿ ಸ್ಪೀಕರ್ ಬಿಚ್ಚಿ ನೋಡಿದೆ, ಎಲ್ಲ ಸರಿ ಇತ್ತು. ಆಮೇಲೆ ಪರದೆ ನೋಡಿದೆ. ಕಪ್ಪುಬಿಳುಪಿನ ಹೆಂಗಸೊಬ್ಬಳು ಅಳುತ್ತಿದ್ದಳು.

"ಇದು ಹಳೇ ಕಾಲದ ಮೂಕಿ ಸಿನಿಮಾ. ಮಾತೇ ಇಲ್ಲ" ಎಂದೆ.

"ಹಾಗಾದ್ರೆ ಮಾವ ಬೆಳಗ್ಗಿನಿಂದ ಎಂತ ನೋಡುದು?" ಎಂದು ನಫೀಸಾ ಕೇಳಿದರು.

ಟಿವಿ ಮುಂದೆ ಕೂತಿದ್ದ, ಕಿವಿ ಮಂದವಾಗಿದ್ದ ಮಾವ ಪರದೆಯಿಂದ ಕಣ್ಣು ತೆಗೆಯದೆ, "ಗಂಡ ಬಿಟ್ಟು ಹೋದ. ಮಗುವಿಗೆ ಜ್ವರ ಉಂಟು" ಎಂದು ನಮಗೆ ಕಥೆ ಹೇಳಿದರು. "ಇಂಥದ್ದು ಬೇರೆ ಉಂಟಾ ಮಾರಾಯ್ರೆ?"

ನನ್ನ ಫೋನಿನಲ್ಲಿ ಹುಡುಕಿ ಮೂರು ಸಿನಿಮಾ ತೋರಿಸಿದೆ. "ಎಲ್ಲದರಲ್ಲೂ ಅಳುವುದೇ" ಎಂದು ಅವರ ಕಿವಿಯಲ್ಲಿ ಕೂಗಿದೆ.

"ಅಳಲಿ. ಇದಾದ್ರೆ ನನಗೆ ಮಾತ್ರ ಅಲ್ಲ, ಈ ಮನೆಯಲ್ಲಿ ಯಾರಿಗೂ ಕೇಳುದಿಲ್ಲ" ಎಂದು ನಕ್ಕರು.

ಸ್ಪೀಕರ್ ಮುಚ್ಚಿ ಐದೇ ನಿಮಿಷದಲ್ಲಿ ಹೊರಡಬಹುದಿತ್ತು. ಆದರೆ ಆ ಮಗುವಿನ ಜ್ವರ ಬಿಡುವವರೆಗೆ ನನಗೆ ಏಳಲಾಗಲಿಲ್ಲ.