ಬಾಲ ಬಂದ ಕೆಂಪು ಚುಕ್ಕೆ

ಕೆಟ್ಟಿದ್ದು ನಮ್ಮ ಮನೆಯವರ ಕಣ್ಣು. ಅಂಗಡಿಯವನು ಕೊಟ್ಟ ಕೊಳವೆಯಲ್ಲ, ನಾನು ಹಚ್ಚಿದ ವಿಭೂತಿಯೂ ಅಲ್ಲ. ಇಷ್ಟನ್ನು ಒಪ್ಪಿಕೊಳ್ಳಲು ಅವರಿಗೆ ನಾಲ್ಕು ದಿನ ಬೇಕಾಯಿತು. ಆ ನಾಲ್ಕು ದಿನವೂ ಬೈಸಿಕೊಂಡವಳು ನಾನು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬಂದೂಕಿನ ವಿಷಯ ಯಾರೂ ಕೂಡಿಸಿಕೊಂಡು ಹೇಳಿಕೊಟ್ಟಿಲ್ಲ. ಆದರೆ ಮನೆಯಲ್ಲಿ ಬಂದೂಕು ಇದ್ದರೆ ಅದನ್ನು ಒರೆಸುವುದು, ಎತ್ತಿಡುವುದು, ಅದರ ಪುರಾಣ ಕೇಳುವುದು ಹೆಂಡತಿಗೆ ತಪ್ಪುವುದಿಲ್ಲ. ನಮ್ಮವರು ಮೊದಲು ಮಿಲಿಟರಿಯಲ್ಲಿದ್ದರು. ಆಮೇಲೆ ಕಾಶಿಯ ಒಂದು ಬ್ಯಾಂಕಿನ ಬಾಗಿಲು ಕಾದರು. ಮಠದವರ ಪರಿಚಯದಿಂದ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಮನೆ ಸಿಕ್ಕಿತು, ಅಲ್ಲೇ ಉಳಿದೆವು. ತೊಂಬತ್ತನೇ ಇಸವಿಯ ಆಚೀಚೆ ಪಿಂಚಣಿ ಶುರುವಾಯಿತು. ಪಿಂಚಣಿ ಬಂದ ಗಂಡಸು ಹಗಲೆಲ್ಲ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ಹೆಂಗಸರಿಗೆ ಹೇಳಬೇಕಾಗಿಲ್ಲ. ಪುಣ್ಯಕ್ಕೆ ಇವರಿಗೆ ರವಿವಾರ ರೈಫಲ್ ಕ್ಲಬ್ಬು ಇತ್ತು. ಅಲ್ಲಿ ಕಾಲೇಜಿನ ಹುಡುಗಿಯರಿಗೆ ಗುರಿ ಹಿಡಿಯುವುದನ್ನು ಕಲಿಸುತ್ತಿದ್ದರು. ಶನಿವಾರ ಸಂಜೆಯೇ ಬೂಟಿಗೆ ಪಾಲಿಶ್ ಬೀಳುತ್ತಿತ್ತು. ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದವರು ಆವತ್ತು ಸೀಟಿ ಹೊಡೆಯುತ್ತಿದ್ದರು.

ಅವರದು ಪಾಯಿಂಟ್ ಟೂಟೂ ರೈಫಲ್. ಗುಂಡು ಶೇಂಗಾಬೀಜಕ್ಕಿಂತ ಸಣ್ಣದು. ಹಾರಿಸಿದರೆ ಒಂದು ಪಟಾಕಿಯಷ್ಟು ಸದ್ದು, ಹೆಗಲಿಗೆ ಒದೆಯುವುದೂ ಇಲ್ಲ.

ಆ ವರ್ಷ ಕ್ಲಬ್ಬಿಗೆ ಹೊಸ ಸೆಕ್ರೆಟರಿ ಬಂದ. ಕಲಿಸುವವರು ದೀಪಾವಳಿಯಾದ ಮೇಲೆ ತಾವೇ ಹತ್ತು ಗುಂಡು ಹಾರಿಸಿ ತೋರಿಸಬೇಕು, ಎಂಟಾದರೂ ಗುರಿಕಾಗದದ ಮೇಲಿನ ಚಹಾದ ಬಸಿಯಷ್ಟಗಲದ ಕಪ್ಪು ವೃತ್ತದೊಳಗೆ ಬೀಳಬೇಕು, ಇಲ್ಲದಿದ್ದರೆ ಹುಡುಗಿಯರನ್ನು ಬೇರೆಯವರಿಗೆ ಒಪ್ಪಿಸಬೇಕು ಎಂದ. ಇವರ ಗುಂಡುಗಳಲ್ಲಿ ಆಗ ಐದು ಒಳಗೆ ಬಿದ್ದರೆ ಹೆಚ್ಚು. ಬಂದೂಕಿನ ಹಿಂದಿನ ಕಚ್ಚು, ಮುಂದಿನ ಮೊಳೆ, ದೂರದ ಕಾಗದ, ಮೂರನ್ನೂ ಒಂದೇ ಸಾಲಿಗೆ ತರಬೇಕಂತೆ. ಇವರಿಗೆ ಮೊಳೆ ಕಂಡರೆ ಕಾಗದ ಮಸುಕು, ಕಾಗದ ಕಂಡರೆ ಮೊಳೆ ಮಾಯ. ಯಾರೋ ಹೇಳಿದರು: ಈಗ ಕೆಂಪು ಚುಕ್ಕೆಯ ಕೊಳವೆ ಬಂದಿದೆ, ಬಂದೂಕಿನ ಮೇಲೆ ಕೂಡಿಸಿ ಒಳಗೆ ನೋಡಿದರೆ ಒಂದು ಕೆಂಪು ಚುಕ್ಕೆ ಕಾಣುತ್ತದೆ, ಅದನ್ನು ಗುರಿಯ ಮೇಲೆ ಇಟ್ಟರೆ ಆಯಿತು, ಮೊಳೆಯ ಗೊಡವೆಯೇ ಇಲ್ಲ. ಸೆಕ್ರೆಟರಿಯೂ ಅದಕ್ಕೆ ಹೂಂ ಎಂದಿದ್ದ.

ಬಂದೂಕಿನ ಅಂಗಡಿಗೆ ನಾನೂ ಹೋದೆ. ತುಟ್ಟಿಯದೇ ಗಟ್ಟಿ ಎನ್ನುವ ಮನುಷ್ಯನನ್ನು ಒಬ್ಬನೇ ಬಿಡುವ ಹಾಗಿರಲಿಲ್ಲ. ಅಂಗಡಿಯವನು ಬ್ಯಾಂಕಿನ ಕಾಲದ ಪರಿಚಯದವನು, ನನ್ನನ್ನು ನೋಡಿ ನಕ್ಕ.

“ಅಮ್ಮಾಜಿ, ಆಪ್ ಭೀ ಗೋಲಿ ಚಲಾಯೇಂಗೀ?”

ಗುಂಡು ಹಾರಿಸುವವರು ಇವರು, ಇವರನ್ನು ಹಿಡಿಯುವವಳು ನಾನು ಎಂದೆ.

ಅವನ ಹತ್ತಿರ ಎರಡು ಕೊಳವೆ ಇದ್ದವು. ಒಂದು ದೊಡ್ಡದು, ಹೊರದೇಶದ್ದು, ಯಾರೋ ಬಳಸಿ ಮಾರಿದ್ದು. ಅದನ್ನು ಕೂಡಿಸಲು ಬಳೆಯಂಥ ಎರಡು ಪಟ್ಟಿಯನ್ನು ಬೇರೆ ತರಿಸಬೇಕು. ಬೆಲೆ ಕೇಳಿದರೆ ನಾಲ್ಕು ತಿಂಗಳ ಪಿಂಚಣಿ. ಇನ್ನೊಂದು ಸಣ್ಣದು, ಹೊಸದು, ಹಗುರ, ಬಂದೂಕಿನ ಬೆನ್ನ ಮೇಲೆ ಕೊರೆದ ಕಾಲುವೆಯಂಥ ಗೆರೆಗೆ ನೇರವಾಗಿ ಕೂಡುತ್ತದೆ. ಬೆಲೆ ಒಂದು ತಿಂಗಳದ್ದೂ ಇಲ್ಲ. ಇವರು ಎರಡರೊಳಗೂ ಇಣುಕಿದರು. ಸಣ್ಣದನ್ನು ಬದಿಗೆ ತಳ್ಳಿದರು.

“ಇದರ ಚುಕ್ಕಿಗೆ ಬಾಲ ಐತಿ. ದೊಡ್ಡದ ಬೇಸ್ ಐತಿ.”

ದೊಡ್ಡ ಬಂದೂಕು ಒದೆಯುತ್ತದೆ, ಅದಕ್ಕೆ ಗಟ್ಟಿ ಕೊಳವೆ ಬೇಕು, ಟೂಟೂಗೆ ಸಣ್ಣದೂ ನಡೆಯುತ್ತದೆ ಎಂದು ಅಂಗಡಿಯವನೇ ಹೇಳಿದ. ಇವರು ಕೇಳಲಿಲ್ಲ. ಕೊನೆಗೆ ಅವನು ಎರಡನ್ನೂ ಕಾಗದದಲ್ಲಿ ಸುತ್ತಿಕೊಟ್ಟು, ಹಬ್ಬ ಕಳೆಯುವ ತನಕ ಬೆಳಕಿನಲ್ಲಿ ನೋಡಿ, ಒಂದನ್ನು ಇಟ್ಟುಕೊಂಡು ಒಂದನ್ನು ತಂದುಕೊಡಿ ಎಂದ.

ಮರುದಿನ ಮಹಾನವಮಿ, ನಮ್ಮಲ್ಲಿ ಖಂಡೇಪೂಜೆ. ಮನೆಯಲ್ಲಿ ಕೊಯ್ಯುವ, ಹೊಡೆಯುವ, ಹೊಲಿಯುವ ಯಾವ ಸಾಮಾನಿದ್ದರೂ ತೊಳೆದು ಪೂಜೆಗಿಡಬೇಕು. ಈಳಿಗೆ, ಕತ್ತರಿ, ಹೊಲಿಗೆ ಮಷೀನು, ರೈಫಲ್ಲು ಇಟ್ಟೆ. ಎರಡು ಕೊಳವೆಗಳನ್ನೂ ಇಟ್ಟೆ. ವಿಭೂತಿಯನ್ನು ನೀರಲ್ಲಿ ಕಲಸಿ ಎಲ್ಲಕ್ಕೂ ಮೂರು ಬೆರಳು ಎಳೆದೆ. ಕೊಳವೆಗೆ ಎಲ್ಲಿ ಎಳೆಯುವುದು? ಮುಖ ಇರುವುದು ಗಾಜಿನ ಕಡೆ, ಅಲ್ಲೇ ಎಳೆದೆ. ಪೂಜೆಗಿಟ್ಟದ್ದನ್ನು ಆವತ್ತು ಯಾರೂ ಮುಟ್ಟುವಂತಿಲ್ಲ, ಹಾಗಾಗಿ ಯಾರೂ ನೋಡಲಿಲ್ಲ. ಮರುದಿನ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಇವರು ಕೊಳವೆ ಎತ್ತಿದರು.

“ಏನ್ ಮಾಡೀಯಲೇ ಇದಕ್ಕ? ಗಾಜಿಗೆ ಯಾರರ ವಿಭೂತಿ ಹಚ್ತಾರೇನು?”

“ಹಣಿಗೆ ಹಚ್ಚಬೇಕಲ್ರಿ. ಇದರ ಹಣಿ ಬ್ಯಾರೆ ಕಡೆ ಇದ್ರ ತೋರಸ್ರಿ.”

“ಅದು ಕಣ್ಣಲೇ, ಹಣಿ ಅಲ್ಲ!”

“ಹಂಗಾರ ಮದ್ಲ ಹೇಳಬೇಕಿತ್ತು.”

ಬಾಯಲ್ಲಿ ಹಾಗಂದರೂ ತಪ್ಪು ನನ್ನದೇ. ಹಳೆಯ ಧೋತರದ ತುಂಡನ್ನು ಒದ್ದೆ ಮಾಡಿ, ಒತ್ತದೆ, ಎರಡನ್ನೂ ಒರೆಸಿದೆ. ಇವರು ಮಾಳಿಗೆಗೆ ಹೋಗಿ, ಬಿಸಿಲಿಗೆಂದು ಗುಂಡಿ ತಿರುಗಿಸಿ ಚುಕ್ಕೆಯ ಬೆಳಕು ಏರಿಸಿ ನೋಡಿ ಬಂದರು. ಸಣ್ಣದರ ಬಾಲ ಇನ್ನೂ ಉದ್ದವಾಗಿದೆ, ದೊಡ್ಡದಕ್ಕೂ ಒಂದಿಷ್ಟು ಬಂದಿದೆ ಎಂದರು. ಬೂದಿ ಎಂದರೆ ಉಸುಕಿದ್ದಂತೆ, ಗಾಜು ತರಚಿದೆ, ಇನ್ನು ಎರಡರ ಬೆಲೆಯನ್ನೂ ನಾವೇ ಕಟ್ಟಬೇಕು, ಪರೀಕ್ಷೆಯೂ ಹೋಯಿತು, ಹುಡುಗಿಯರೂ ಹೋದರು. ಊಟಕ್ಕೆ ಕೂತಾಗಲೂ ಅದೇ, ಏಳುವಾಗಲೂ ಅದೇ. ರವಿವಾರ ಬಂದರೆ ಕ್ಲಬ್ಬಿಗೆ ಹೋಗಲೇ ಇಲ್ಲ. ಬೂಟು ಮೂಲೆಯಲ್ಲಿ ಬಿದ್ದಿತ್ತು. ಬೈದದ್ದು ನನಗೆ ಏನೂ ಅನಿಸಲಿಲ್ಲ, ಕ್ಲಬ್ಬಿಗೆ ಹೋಗದೆ ಗೋಡೆ ನೋಡುತ್ತ ಕೂತದ್ದು ಮನಸ್ಸಿಗೆ ಹತ್ತಿತು.

ಆವತ್ತೇ ಮಧ್ಯಾಹ್ನ ಕೊಳವೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾನೇ ಮಾಳಿಗೆ ಹತ್ತಿದೆ. ಸೊಸೆ ಬಟ್ಟೆ ಒಣಹಾಕುತ್ತಿದ್ದಳು. ಅವಳು ಕಾಶಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡದಲ್ಲಿ ಹಿಂದಿ ಕಲಸಿಯೇ ಮಾತಾಡುತ್ತಾಳೆ. ಸಣ್ಣ ಕೊಳವೆಯ ಗುಂಡಿ ತಿರುಗಿಸಿ, ಎದುರುಮನೆಯ ನೀರಿನ ಟಾಕಿಯ ಕಡೆ ಹಿಡಿದು ನೋಡಿದೆ. ಟಾಕಿಯ ಮೇಲೆ ಕೂತಿದ್ದ ಮಂಗನ ಬೆನ್ನಿನ ಮೇಲೆ ಚುಕ್ಕೆ ದುಂಡಗೆ ಕೂತಿತ್ತು. ಅವಳ ಕೈಗೆ ಕೊಟ್ಟೆ.

“ಅತ್ತೀ, ಬಿಲ್ಕುಲ್ ಗೋಲ್ ಐತ್ರಿ. ಮಸೂರ್ ದಾಲ್ ಹಂಗ.”

“ಬಾಲ?”

“ಮಂಗ್ಯಾಂದು ಐತ್ರಿ. ಚುಕ್ಕೀಗಿಲ್ಲ.”

ಮೇಲೆ ಬನ್ನಿ ಎಂದು ಇವರನ್ನು ಕೂಗಿದೆ. ಗೊಣಗುತ್ತ ಬಂದರು, ನೋಡಿದರು, ಬಾಲ ಇದೆ ಎಂದರು.

“ಯಾವ ಕಡೆ?”

“ಬಲಕ್ಕ, ಕೆಳಗ.”

ಕರೆಂಟು ಹೋದಾಗ ಕಂದೀಲಿನ ಬೆಳಕಿನಲ್ಲಿ ಒಂದು ಕರಿ ಕಲೆ ಕಂಡರೆ ನಾವು ಏನು ಮಾಡುತ್ತೇವೆ? ಗಾಜನ್ನು ತಿರುಗಿಸುತ್ತೇವೆ. ಕಲೆ ಗಾಜಿನ ಜೊತೆ ತಿರುಗಿದರೆ ಮಸಿ ಗಾಜಿನದು. ತಿರುಗದಿದ್ದರೆ ಬೇರೆ ಎಲ್ಲಿಂದಲೋ ಬಂದದ್ದು. ಇದನ್ನು ತಿಳಿಯಲು ಇಯತ್ತೆ ಬೇಕಾಗಿಲ್ಲ.

“ಕೊಳವಿ ತಿರಗಸ್ರಿ.”

ತಿರುಗಿಸಿದರು. ಬಾಲ ಇದ್ದಲ್ಲೇ ಇತ್ತು, ಬಲಕ್ಕೆ, ಕೆಳಗೆ.

“ಈಗ ಕೊಳವಿ ಹಂಗ ಹಿಡೀರಿ, ತಲಿ ವಾರಿ ಮಾಡ್ರಿ.”

ತಲೆ ವಾಲಿಸಿದರು. ತಲೆಯ ಜೊತೆ ಬಾಲವೂ ವಾಲಿತು ಎಂದರು. ಬಾಲ ಇರುವುದು ಕಣ್ಣಿನಲ್ಲಿ ಎಂದು ಗೊತ್ತಾಗಿ ಕೊಳವೆ ಕೆಳಗಿಳಿಸಿದರು. ಸೊಸೆ ಬಕೆಟ್ಟು ಎತ್ತಿಕೊಂಡು ಇಳಿದುಹೋದಳು. ಜಾಣೆ.

“ದೊಡ್ಡದರಾಗ ಬಾಲ ಕಡಿಮಿ ಅದಲ್ಲ?” ಎಂದರು, ಇನ್ನೂ ಒಂದು ಎಳೆ ಹಿಡಿದುಕೊಂಡು.

ನಾನು ಸಣ್ಣದರ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬೆಳಕು ತಗ್ಗಿಸಿ ಕೊಟ್ಟೆ. ಆಗ ಅದರ ಬಾಲವೂ ಅಷ್ಟೇ ಗಿಡ್ಡವಾಯಿತು. ದೊಡ್ಡದರ ಸೆಲ್ಲು ಸಾಯುತ್ತ ಬಂದಿತ್ತು, ಚುಕ್ಕೆ ಮಂಕಾಗಿತ್ತು, ಅದಕ್ಕೇ ಇವರ ಕಣ್ಣಿಗೆ ಅದು ಒಳ್ಳೆಯದಾಗಿ ಕಂಡಿತ್ತು. ಸಾಯುವ ಸೆಲ್ಲಿಗೆ ನಾಲ್ಕು ತಿಂಗಳ ಪಿಂಚಣಿ ಕೊಡಲು ಹೊರಟಿದ್ದರು.

ಕೊಳವೆಯನ್ನು ಮಾಳಿಗೆಯ ಕಟ್ಟೆಯ ಮೇಲಿಟ್ಟರು. ಆಮೇಲೆ ಹೇಳಿದರು.

“ಬ್ಯಾಂಕಿನಾಗ ಕಡೀ ವರ್ಷ ಕಣ್ಣ ಪರೀಕ್ಷಾ ಮಾಡಿದ್ರು. ಡಾಕ್ಟರ ಚೀಟಿ ಕೊಟ್ಟಿದ್ದ. ನಾ ಹರದ ಒಗದೆ.”

“ಯಾಕ?”

“ಕಣ್ಣ ಹೋಗೇತಿ ಅಂತ ಬರದ ಮ್ಯಾಲೆ ಬಂದೂಕ ಯಾರ ಕೊಡ್ತಾರ? ಹುಡಿಗ್ಯಾರನ್ನ ಯಾರ ಬಿಡ್ತಾರ?”

“ನಿಮ್ಮ ಸೆಕ್ರೆಟರಿ ಸೋಡಾ ಬಾಟ್ಲಿ ಬುಡದಂಥಾ ಕನ್ನಡಕ ಹಾಕ್ಕೊಂಡ ಗುಂಡ ಹಾರಸ್ತಾನ. ಅವಗ ಯಾರ ಕೊಟ್ರು?”

ಇವರು ಅಷ್ಟು ವರ್ಷ ಬಾಜಾರಿನ ಫುಟ್‌ಪಾತಿನಲ್ಲಿ ಕೊಂಡ ಕನ್ನಡಕದಲ್ಲಿ ಪೇಪರ್ ಓದಿ ದಿನ ತಳ್ಳಿದ್ದರು. ಅದು ಪೇಪರಿಗೆ ಸಾಕು, ಬಂದೂಕಿಗೆ ಸಾಲದು. ಹೆದರಿಕೆ ಎಂದು ನೇರ ಹೇಳಿದ್ದರೆ ನನ್ನ ವಿಭೂತಿಗೆ ನಾಲ್ಕು ದಿನದ ಬೈಗುಳ ತಪ್ಪುತ್ತಿತ್ತು. ಇದನ್ನೂ ಅಲ್ಲೇ ಹೇಳಿದೆ. ತಲೆ ಅಲ್ಲಾಡಿಸಿದರು. ತಪ್ಪಾಯಿತು ಎನ್ನಲಿಲ್ಲ, ಆ ಶಬ್ದ ಮಿಲಿಟರಿಯಲ್ಲಿ ಕಲಿಸಿರಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಇವರನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಮೊದಲು ಅಂಗಡಿಗೆ ಹೋದೆ. ವಿಭೂತಿ ಹಚ್ಚಿದ್ದು ನಾನು, ಗಾಜು ನೋಡಿಕೊಳ್ಳಪ್ಪ ಎಂದು ದೊಡ್ಡ ಕೊಳವೆಯನ್ನು ಅವನ ಕೈಗಿಟ್ಟೆ. ಅವನು ಬೆಳಕಿಗೆ ಹಿಡಿದು ನೋಡಿ, ಕುಛ್ ನಹೀ ಹುವಾ, ಏನೂ ಆಗಿಲ್ಲ ಎಂದ. ಸಣ್ಣದಕ್ಕೆ ದುಡ್ಡು ಕೊಟ್ಟೆ. ಅಲ್ಲಿಂದ ನೇರ ಕಣ್ಣಿನ ಡಾಕ್ಟರ ಹತ್ತಿರ. ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ನಿಂತೆವು. ಒಳಗೆ ಹೋದಾಗ ಡಾಕ್ಟರು, ಬಾಬೂಜಿಗೆ ಓದಲು ತೊಂದರೆಯೇ ಎಂದು ಕೇಳಿದರು. ಇವರು ಹೌದು ಎನ್ನುವಷ್ಟರಲ್ಲಿ ನಾನು ಅಡ್ಡ ಬಾಯಿ ಹಾಕಿದೆ. ಓದಿದರೆಷ್ಟು ಬಿಟ್ಟರೆಷ್ಟು, ಇವರು ಬಂದೂಕು ಹಿಡಿಯುವವರು, ದೂರದ ಗುರಿ ಕಾಣುವ ಹಾಗೆ ಕನ್ನಡಕ ಬರೆದುಕೊಡಿ, ದೀಪಾವಳಿಯೊಳಗೆ ಬೇಕು ಎಂದೆ. ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಇವರನ್ನು ನೋಡಿ, ಕುರ್ಚಿ ತೋರಿಸಿದರು. ಇವರು ಹೋಗಿ ಕೂತರು, ಮಿಲಿಟರಿಯವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು.