ಮೂಗಮ್ಮನ ಹೆಬ್ಬೆರಳು

ಚಳ್ಳಕೆರೆ ಎಂದರೆ ಎಣ್ಣೆ. ಬಸ್ಸು ಊರೊಳಗೆ ಹೊಕ್ಕರೆ ಸಾಕು, ಮಿಲ್ಲುಗಳ ಶೇಂಗಾ ಎಣ್ಣೆಯ ವಾಸನೆ ಕೇಳದೆಯೇ ಬಂದು ಪಕ್ಕದಲ್ಲಿ ಕೂರುತ್ತದೆ. ಅಂಥ ಊರಿಗೆ ದೇವಸಮುದ್ರದ ಕಡೆಯಿಂದ ಒಬ್ಬಳು ಸೀಸೆಗಳಲ್ಲಿ ಎಣ್ಣೆ ತರುತ್ತಿದ್ದಳೆಂದರೆ ನಗುವವರು ನಗಲಿ. ಮೂಗಮ್ಮ ತರುತ್ತಿದ್ದದ್ದು ಒಗ್ಗರಣೆಯ ಎಣ್ಣೆಯಲ್ಲ, ಮೈಗೆ ಹಚ್ಚುವ ಹರಳೆಣ್ಣೆ. ಪೇಟೆಯಲ್ಲಿ ಎಳೆಗೂಸುಗಳಿಗೆ ನೀರೆರೆಯುತ್ತಿದ್ದ ಖಾತೂನ್ ಬೀ ಬೇರೆಯವರ ಎಣ್ಣೆಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಆದರೆ ಮೂಗಮ್ಮನ ಸೀಸೆಗಳು ಹೆಚ್ಚಾಗಿ ಖಾಲಿಯಾಗುತ್ತಿದ್ದದ್ದು ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ.

ರೇಷ್ಮೆ ಸುತ್ತುವವರಿಗೆ ಕೈಯೇ ಬಂಡವಾಳ. ಚಳಿಗಾಲದಲ್ಲಿ ಅಂಗೈ ಒಡೆಯಿತೆಂದರೆ ಎಳೆ ಆ ಬಿರುಕಿಗೆ ಸಿಕ್ಕಿಕೊಂಡು ಪಟ್ಟನೆ ಹರಿಯುತ್ತದೆ. ಅದಕ್ಕೇ ಅಲ್ಲಿ ಮಗ್ಗ ನಡೆಸುತ್ತಿದ್ದ ಹೊನ್ನಕ್ಕನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಕೆಲಸಕ್ಕೆ ಬಂದ ಹೊಸ ಹೆಂಗಸಿನ ಅಂಗೈ ಮೇಲೆ ಹೊನ್ನಕ್ಕ ಒಂದೇ ಒಂದು ಎಳೆ ಇಟ್ಟು ಮೆಲ್ಲಗೆ ಎಳೆಯುವಳು. ಜಾರಿದರೆ ರಾಟೆಯ ಮುಂದೆ ಕೂರು. ತಡೆದರೆ ಮನೆಗೆ ಹೋಗಿ ಮೂಗಮ್ಮನ ಎಣ್ಣೆ ಹಚ್ಚಿಕೊಂಡು ಬಾ. ರಾತ್ರಿ ಹಚ್ಚಿ, ಬೆಳಿಗ್ಗೆ ಕಡಲೆಹಿಟ್ಟಿನಿಂದ ಜಿಡ್ಡೆಲ್ಲ ಹೋಗುವಂತೆ ತೊಳೆಯಬೇಕು. ಕೈ ಒರಟಾದರೂ ಕಷ್ಟ, ಜಿಡ್ಡಾದರೂ ಕಷ್ಟ. ರೇಷ್ಮೆಯಷ್ಟು ಸೊಕ್ಕಿನ ವಸ್ತು ಇನ್ನೊಂದಿಲ್ಲ.

ಈ ಎಣ್ಣೆ ಸುಮ್ಮನೆ ಬರುತ್ತಿರಲಿಲ್ಲ. ಹೊಲದ ಬದುವಿನ ಹರಳು ಗೊನೆಗಳನ್ನು ಕೊಯ್ದು ಮಾಳಿಗೆಯ ಮೇಲೆ ಒಣಗಿಸಿ, ತಾವಾಗಿ ಬಿರಿಯದ ಕಾಯಿಗಳನ್ನು ಮೂಗಮ್ಮ ಬಲಗೈ ಹೆಬ್ಬೆರಳಿನಿಂದ ಒತ್ತಿ ಒಡೆಯುತ್ತಿದ್ದಳು. ಬೀಜವನ್ನು ಹದವಾಗಿ ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿದರೆ ಎಣ್ಣೆ ಮೇಲಕ್ಕೆ ಬರುತ್ತದೆ. ಅದನ್ನು ಸೌಟಿನಿಂದ ತೆಗೆದು ಇನ್ನೊಂದು ಪಾತ್ರೆಯಲ್ಲಿ ಮತ್ತೆ ಕಾಯಿಸಬೇಕು. ಚಟಚಟ ಸದ್ದು ನಿಂತ ಮೇಲೆಯೇ ಇಳಿಸಬೇಕು. ಆ ಹೊತ್ತಿನಲ್ಲಿ ಗಂಡ ಜುಂಜಣ್ಣ ಕುರಿಗಳನ್ನು ದೊಡ್ಡಿಗೆ ಕೂಡಿ ಬಂದು, "ಉಣ್ಣಾಕ್ಕೊಡೇ" ಎಂದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ಪಾಪ, ಅವನೇ ಗಡಿಗೆಗೆ ಕೈ ಹಾಕಿ ಮುದ್ದೆ ತೆಗೆದುಕೊಳ್ಳುತ್ತಿದ್ದ.

ಎಣ್ಣೆಯ ಜೊತೆಗೇ ಅವಳಿಗೆ ಅತ್ತೆಯಿಂದ ಒಂದು ನೇಮವೂ ಬಂದಿತ್ತು. ಕಾಯಿಸಿದವಳು ಎಲ್ಲರಿಗಿಂತ ಕೊನೆಗೆ ಹಚ್ಚಿಕೊಳ್ಳಬೇಕು. ಮೊದಲೇ ಹಚ್ಚಿಕೊಂಡರೆ ಮುಂದಿನ ಸಲ ಎಣ್ಣೆ ತೇಲುವುದಿಲ್ಲ. ಕೊನೆಗೆ ಎಂದರೆ ಯಾವಾಗ? ಮೂಗಮ್ಮನ ಪಾತ್ರೆಯಲ್ಲಿ ಕೊನೆಗೆ ಉಳಿಯುತ್ತಿದ್ದದ್ದು ವಾಸನೆ ಮಾತ್ರ. ಕಂಡವರ ಕೈಯೆಲ್ಲ ನುಣುಪಾದವು, ಅವಳ ಹೆಬ್ಬೆರಳು ವರ್ಷದಿಂದ ವರ್ಷಕ್ಕೆ ಸೀಳುತ್ತಾ ಹೋಯಿತು. ಅದು ಅವಳಿಗೆ ದುಃಖವೆಂದು ತೋರಿರಲಿಲ್ಲ. ಮಗಳು ಸ್ವಪ್ನಳ ಮದುವೆ ಗೊತ್ತಾಗುವವರೆಗೆ.

ಎರಡು ಸಾವಿರದ ಇಸವಿ ಕಳೆದ ಮರುವರ್ಷ ಅದು. ಧಾರೆ ಸೀರೆ ಹೊನ್ನಕ್ಕನ ಮಗ್ಗದಲ್ಲೇ ಆಗಬೇಕೆಂದು ಜುಂಜಣ್ಣ ಹಟ ಹಿಡಿದ. ಸೀರೆಯನ್ನು ನೋಡಲು ಹೋದ ಮೂಗಮ್ಮ, ಇಷ್ಟು ವರ್ಷ ಹೊಸ್ತಿಲಾಚೆಯೇ ನಿಂತು ನೋಡಿದ್ದ ರೇಷ್ಮೆಯನ್ನು ಮೊದಲ ಸಲ ಮುಟ್ಟಿದಳು. ಹೆಬ್ಬೆರಳಿನ ಸೀಳಿಗೆ ಎಳೆಯೊಂದು ಸಿಕ್ಕಿ ಸೆರಗಿನಲ್ಲಿ ಕುಣಿಕೆಯಂತೆ ಮೇಲೆದ್ದಿತು. ಅವಳು ಕೈಯನ್ನು ತಾನುಟ್ಟ ಸೀರೆಯ ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಅದೇನ್ ದೊಡ್ಡದಲ್ಲ, ಸೂಜೀಲಿ ಹಿಂದಕ್ಕೆ ಎಳೀತೀನಿ," ಎಂದಳು ಹೊನ್ನಕ್ಕ.

"ಅದಲ್ಲಕ್ಕಾ. ನಮ್ಮ ಮನೇಲಿ ಧಾರೆ ಸೀರೆ ನೆರಿಗೆ ಹೆತ್ತೋಳೇ ಹಿಡಿದು ಸಿಗಿಸ್ಬೇಕು. ನಮ್ಮವ್ವ ನಂಗೆ ಹಂಗೇ ಸಿಗಿಸಿದ್ಳು." ಮೂಗಮ್ಮ ಮೇಲೆದ್ದ ಎಳೆಯನ್ನು ನೋಡುತ್ತಾ, "ಈ ಕೈಲಿ ಹಿಡಿದ್ರೆ ಸೀರೆ ಹಾಳಾಗ್ತೈತೆ. ಅವ್ಳ ಚಿಕ್ಕವ್ವನೇ ಸಿಗಿಸ್ಲಿ ಬಿಡ್ರಿ," ಎಂದಳು.

ಹೊನ್ನಕ್ಕನಿಗೆ ಸಿಟ್ಟು ಬಂತು. "ಊರಿನ ಕೈಗೆಲ್ಲ ಎಣ್ಣೆ ಕೊಟ್ಟೋಳು ನಿನ್ ಕೈ ಎಲ್ಲಿಟ್ಟಿದ್ದೆ?"

"ಕಾಯಿಸಿದೋಳು ಕೊನೆಗೆ ಹಚ್ಕಬೇಕು ಕಣಕ್ಕಾ."

"ಸರಿ, ನೀನು ಹಚ್ಕಬ್ಯಾಡ. ಇದು ನಾನು ತಗಂಡಿರೋ ಎಣ್ಣೆ, ನಾನು ಹಚ್ತೀನಿ. ಕೂತ್ಕ."

ನೇಮಕ್ಕೆ ಈ ಸಂದು ಇದೆಯೆಂದು ಅತ್ತೆಗೂ ಹೊಳೆದಿರಲಿಕ್ಕಿಲ್ಲ. ಹೊನ್ನಕ್ಕ ಎಣ್ಣೆ ಬೆಚ್ಚಗೆ ಮಾಡಿ, ಆ ಒರಟು ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದು ಬೆರಳನ್ನೂ ತಿಕ್ಕಿದಳು. ಮದುವೆಯಾಗಿ ಬಂದ ಮೇಲೆ ಆ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದಿರಲಿಲ್ಲ. ಮೂಗಮ್ಮನಿಗೆ ಅಳು ಬಂತು, ನಾಚಿಕೆಯೂ ಆಯಿತು. ಆಮೇಲೆ ಅವಳು ಸೀಸೆ ಹೊತ್ತು ಮೊಳಕಾಲ್ಮೂರಿಗೆ ಬಂದಾಗೆಲ್ಲ ಮೊದಲು ಹೊನ್ನಕ್ಕನ ಜಗಲಿಯ ಮೇಲೆ ಕೈ ಚಾಚಿ ಕೂರಬೇಕಾಯಿತು.

ಮದುವೆಗೆ ಹೊನ್ನಕ್ಕ ತಾನೇ ಸೀರೆ ತಂದಳು. ಮುಹೂರ್ತದ ಬೆಳಿಗ್ಗೆ ಮೂಗಮ್ಮ ಕಡಲೆಹಿಟ್ಟಿನಿಂದ ಕೈ ತೊಳೆದು ಒಳಕೋಣೆಗೆ ಬಂದು, ಕೆಲಸ ಕೇಳಲು ಬಂದವಳ ಹಾಗೆ ಅಂಗೈ ಚಾಚಿದಳು. ಹೊನ್ನಕ್ಕ ಎಳೆಯಿಟ್ಟು ಎಳೆದಳು. ಅಂಗೈ ಮೇಲೆ ಜಾರಿತು. ನಾಲ್ಕು ಬೆರಳುಗಳ ಮೇಲೂ ಜಾರಿತು. ಹೆಬ್ಬೆರಳಿಗೆ ಬಂದಾಗ ನಿಂತಿತು. ಇನ್ನೊಂದು ಸಲ ಎಳೆದರೂ ಅಲ್ಲೇ ನಿಂತಿತು.

ಮೂಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, "ಚಿಕ್ಕವ್ವನ್ನ ಕರೀರಿ," ಎಂದಳು. ಅವಳ ದನಿ ಗಟ್ಟಿಯಾಗಿತ್ತು, ಕಣ್ಣು ಮಾತ್ರ ನೆಲ ನೋಡುತ್ತಿತ್ತು.

ಅಷ್ಟು ಹೊತ್ತು ಧಾರೆ ಸೀರೆ ಸುತ್ತಿಕೊಂಡು ಅಲುಗಾಡದೆ ನಿಂತಿದ್ದ ಸ್ವಪ್ನ ಬಾಗಿ ಅವ್ವನ ಬಲಗೈ ಹಿಡಿದಳು. ಹೆಬ್ಬೆರಳನ್ನು ಮೆಲ್ಲಗೆ ಅಂಗೈಯೊಳಕ್ಕೆ ಮಡಚಿ, ಅದಿದ್ದ ಜಾಗದಲ್ಲಿ ತನ್ನ ಹೆಬ್ಬೆರಳು ತಂದಿಟ್ಟಳು.

"ನಿಂದು ನಾಲ್ಕು, ನಂದು ಒಂದು. ಹಿಡಿಯವ್ವ," ಎಂದಳು.

ಮೊದಲ ನೆರಿಗೆ ಸೊಟ್ಟಗಾಯಿತು. ಎರಡನೆಯದು ಸರಿಬಂತು. ಅವ್ವನ ಬೆರಳು ಬಟ್ಟೆಯನ್ನು ತರುವುದು, ಮಗಳ ಹೆಬ್ಬೆರಳು ಒತ್ತಿ ನಿಲ್ಲಿಸುವುದು. ಹೊರಗೆ ಗಂಡಿನ ಕಡೆಯವರು ಹೊತ್ತಾಯಿತೆಂದು ಕೂಗಿದರು. ಎಣ್ಣೆಯ ಮುಂದೆ ಕೂತವಳಂತೆ ಮೂಗಮ್ಮ ತಿರುಗಿಯೂ ನೋಡಲಿಲ್ಲ. ಕೊನೆಯ ನೆರಿಗೆ ಕೂಡಿಸಿ ಮಗಳ ನಡುವಿಗೆ ಸಿಗಿಸಿದಳು. ಸೀರೆಯಲ್ಲಿ ಒಂದು ಎಳೆಯೂ ಎದ್ದಿರಲಿಲ್ಲ.